ಕೂಸಿಗೆ ಹಸುವಿನ ಹಾಲು ಒಗ್ಗದಾಗ: ನಿಲ್ಲಿಸಿ ನೋಡಿ, ಮತ್ತೆ ಕೊಟ್ಟೂ ನೋಡಿ

ಹಸುವಿನ ಹಾಲಿನ ಅಲರ್ಜಿ ಸಾಮಾನ್ಯವಾಗಿ ತಲೆಯೆತ್ತುವುದು ಮಗುವಿನ ಮೊದಲ ಆರು ತಿಂಗಳಲ್ಲಿ, ಬಹುಮಟ್ಟಿಗೆ ಮೊದಲ ಬಾಟಲಿಯ ಬೆನ್ನಲ್ಲೇ. ತಾಯಿಯ ಹೆರಿಗೆ ರಜೆ ಮುಗಿಯುತ್ತ ಬಂದಿರುತ್ತದೆ, ಇಲ್ಲವೇ ಎದೆಹಾಲು ಸಾಲುತ್ತಿಲ್ಲವೆಂಬ ಗುಮಾನಿ ಮನೆಯವರಿಗೆ ಹತ್ತಿರುತ್ತದೆ. ಡಬ್ಬಿ ಹಾಲೋ, ನೀರು ಬೆರೆಸಿದ ಹಸುವಿನ ಹಾಲೋ ಶುರುವಾಗುತ್ತದೆ. ಕೆಲವು ದಿನಗಳಲ್ಲಿ, ಕೆಲವೊಮ್ಮೆ ಕೆಲವು ವಾರಗಳಲ್ಲಿ, ಮೈಮೇಲೆ ದದ್ದು, ಮಲದಲ್ಲಿ ಲೋಳೆ, ತಾಯಿ ಕಾರ್ಡಿನಲ್ಲಿ ಮೇಲೇರುತ್ತಿದ್ದ ತೂಕದ ಗೆರೆ ನಿಂತಲ್ಲೇ ನಿಲ್ಲುವುದು. ಹಲ್ಲು ಬರುತ್ತಿರಬೇಕು, ದೃಷ್ಟಿಯಾಗಿರಬೇಕು, ಬಾಣಂತಿ ಏನೋ ಉಷ್ಣದ್ದು ತಿಂದಿರಬೇಕು ಎನ್ನುತ್ತಲೇ ತಿಂಗಳು ಕಳೆಯುತ್ತದೆ. ನಮ್ಮ ಮನೆಗಳಲ್ಲಿ ಎಲ್ಲದರ ಮೇಲೂ ಅನುಮಾನ ಬರುತ್ತದೆ, ಹಾಲೊಂದನ್ನು ಬಿಟ್ಟು.

ದೊಡ್ಡ ಊರುಗಳಲ್ಲಿ ಈಗ ಇದರ ತಿರುವುಮುರುವು ಕೂಡ ನಡೆಯುತ್ತಿದೆ. ರಾತ್ರಿ ಅಳುವ, ಕುಡಿದದ್ದನ್ನು ಕಕ್ಕುವ ಕೂಸಿಗೆಲ್ಲ ‘ಮಿಲ್ಕ್ ಅಲರ್ಜಿ’ ಎಂಬ ಚೀಟಿ ಅಂಟುತ್ತಿದೆ. ಬಾಣಂತಿ ಹಾಲು ಮೊಸರು ಬಿಡುತ್ತಾಳೆ, ದುಬಾರಿ ಡಬ್ಬಿ ಮನೆಗೆ ಬರುತ್ತದೆ, ಕೆಲವು ಕಡೆ ಎದೆಹಾಲೇ ನಿಂತುಹೋಗುತ್ತದೆ. ಹಲವು ಅಧ್ಯಯನಗಳು ನೂರು ಶಿಶುಗಳಲ್ಲಿ ಎರಡು ಮೂರಕ್ಕೆ ಈ ಅಲರ್ಜಿ ಇರುತ್ತದೆ ಎನ್ನುತ್ತವೆ. ಆದರೆ ಯೂರೋಪಿನ ಹಲವು ದೇಶಗಳಲ್ಲಿ ನಡೆದ ಯೂರೋಪ್ರಿವಾಲ್ ಅಧ್ಯಯನದಲ್ಲಿ, ಅನುಮಾನ ಬಂದ ಮಕ್ಕಳಿಗೆ ಮತ್ತೆ ಹಾಲು ಕೊಟ್ಟು ಪರೀಕ್ಷಿಸಿದಾಗ, ನಿಜವಾಗಿ ಅಲರ್ಜಿ ಕಂಡದ್ದು ಒಟ್ಟು ಶಿಶುಗಳಲ್ಲಿ ಇನ್ನೂರಕ್ಕೆ ಸುಮಾರು ಒಂದರಲ್ಲಿ. ಪೂರ್ತಿ ಎದೆಹಾಲನ್ನೇ ಕುಡಿಯುವ ಕೂಸುಗಳಲ್ಲಿಯೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಅನುಮಾನಕ್ಕೂ ರುಜುವಾತಿಗೂ ಇರುವ ಈ ಅಂತರವನ್ನು ದಾಟುವ ದಾರಿ ಒಂದೇ: ಹಾಲು ನಿಲ್ಲಿಸಿ ನೋಡುವುದು, ಆಮೇಲೆ ಮತ್ತೆ ಕೊಟ್ಟು ನೋಡುವುದು. ಮೊದಲರ್ಧವನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದನ್ನು ಮಾಡುವವರು ಕಡಿಮೆ.

ಎಷ್ಟು ಹೊತ್ತಿಗೆ?

ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಇದು: ಹಾಲು ಕುಡಿಸಿ ಎಷ್ಟು ಹೊತ್ತಿಗೆ ಹೀಗಾಯಿತು? ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಕೇಸಿನ್, ಉಳಿದದ್ದು ವೇ. ಮಗುವಿನ ರೋಗನಿರೋಧಕ ವ್ಯವಸ್ಥೆ ಇವುಗಳಲ್ಲಿ ಯಾವುದಾದರೊಂದನ್ನು ಶತ್ರುವೆಂದು ತಪ್ಪು ತಿಳಿದು ತಿರುಗಿಬೀಳುವುದೇ ಅಲರ್ಜಿ. ಅದು ತಿರುಗಿಬೀಳುವ ರೀತಿ ಎರಡು.

ಒಂದು, ತಕ್ಷಣದ್ದು. ಐಜಿಇ ಎಂಬ ಪ್ರತಿಕಾಯಗಳು ನಡೆಸುವ ಕೆಲಸವಿದು. ಕುಡಿಸಿದ ಕೆಲವು ನಿಮಿಷಗಳಿಂದ ಹೆಚ್ಚೆಂದರೆ ಎರಡು ಗಂಟೆಯೊಳಗೆ ಬಾಯಿಯ ಸುತ್ತ ಕೆಂಪಾಗುತ್ತದೆ, ಮೈಮೇಲೆ ಗಂಧೆಗಳು ಏಳುತ್ತವೆ, ರೆಪ್ಪೆ, ತುಟಿ ಊದುತ್ತವೆ, ಮಗು ವಾಂತಿ ಮಾಡುತ್ತದೆ. ಕೆಮ್ಮು, ಉಬ್ಬಸ, ಧ್ವನಿ ಕಟ್ಟುವುದು, ಬಿಳಿಚಿಕೊಂಡು ಮೈ ಸಡಿಲಬಿಡುವುದು ಕಂಡರೆ ಅದು ಅನಾಫಿಲ್ಯಾಕ್ಸಿಸ್. ಅಲರ್ಜಿಯ ಸಿರಪ್ ಕುಡಿಸಿ ಕಾಯುತ್ತ ಕೂರುವ ಹೊತ್ತಲ್ಲ ಅದು. 108ಕ್ಕೆ ಕರೆ ಮಾಡಿ, ಮಗುವನ್ನು ಮಲಗಿಸಿಕೊಂಡೇ ಹತ್ತಿರದ ಆಸ್ಪತ್ರೆ ಸೇರಿ. ಉಸಿರಾಡಲು ಕಷ್ಟಪಡುತ್ತಿದ್ದರೆ ಮಾತ್ರ ತೊಡೆಯ ಮೇಲೆ ಕೂರಿಸಿಕೊಳ್ಳಿ. ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಜೀವ ಉಳಿಸುವ ಔಷಧಿ. ಈ ಬಗೆಯ ಅಲರ್ಜಿ ಅಪಾಯಕಾರಿ ನಿಜ, ಆದರೆ ಗುರುತಿಸುವುದು ಸುಲಭ. ಕಾರಣವೂ ಪರಿಣಾಮವೂ ಕಣ್ಣೆದುರೇ ಇರುತ್ತವೆ.

ಎರಡನೆಯದು ತಡವಾಗಿ ಬರುವಂಥದ್ದು, ಮನೆಯವರನ್ನೂ ವೈದ್ಯರನ್ನೂ ಒಟ್ಟಿಗೆ ಸತಾಯಿಸುವಂಥದ್ದು. ಕುಡಿಸಿದ್ದು ಸೋಮವಾರ, ಕಾಣಿಸಿಕೊಂಡದ್ದು ಬುಧವಾರ ಎಂದರೆ ಹಾಲಿನ ನೆನಪು ಯಾರಿಗೆ ಬರಬೇಕು? ಇದರಲ್ಲಿ ಐಜಿಇ ಪಾತ್ರವಿಲ್ಲ. ಹೆಚ್ಚಿನದೆಲ್ಲ ಕರುಳಿನಲ್ಲಿ ನಡೆಯುತ್ತದೆ. ತುಂಬಾ ಸೌಮ್ಯ ರೂಪದಲ್ಲಿ, ನಗುನಗುತ್ತ ತೂಕ ಹೆಚ್ಚಿಸಿಕೊಳ್ಳುತ್ತಿರುವ ಎರಡು ಮೂರು ತಿಂಗಳ ಕೂಸಿನ ಮಲದಲ್ಲಿ ಲೋಳೆಯೂ ಕೆಂಪು ಎಳೆಗಳೂ ಕಾಣುತ್ತವೆ. ನೋಡಿದವರ ಎದೆ ಒಡೆದುಹೋಗುತ್ತದೆ, ಮಗುವಿಗೆ ಮಾತ್ರ ಅದರ ಪರಿವೆಯೇ ಇರುವುದಿಲ್ಲ. ಕರುಳಿನ ಕೆಳಭಾಗ ಮಾತ್ರ ಕೆರಳಿರುವ ಸ್ಥಿತಿಯಿದು. ಎದೆಹಾಲು ಮಾತ್ರ ಕುಡಿಯುವ ಮಕ್ಕಳಲ್ಲೂ ಬರುತ್ತದೆ, ಏಕೆಂದರೆ ತಾಯಿ ಕುಡಿದ ಹಾಲಿನ ಪ್ರೋಟೀನು ಅತ್ಯಲ್ಪ ಪ್ರಮಾಣದಲ್ಲಿ ಎದೆಹಾಲಿಗೂ ಇಳಿಯುತ್ತದೆ. ಇನ್ನೂ ಮುಂದುವರಿದರೆ ನಿಲ್ಲದ ಭೇದಿ, ಪದೇ ಪದೇ ವಾಂತಿ, ಮೈ ಹತ್ತದಿರುವುದು, ರಕ್ತಹೀನತೆ. ಚರ್ಮದಲ್ಲಿ ಮುಲಾಮಿಗೆ ಬಗ್ಗದ ಇಸುಬು.

ಈ ಗುಂಪಿನಲ್ಲೇ ಒಂದು ರೂಪವಿದೆ, ವೈದ್ಯರು ಎಫ್‌ಪಿಐಇಎಸ್ ಎನ್ನುವಂಥದ್ದು. ಹಾಲು ಕುಡಿದ ಒಂದರಿಂದ ನಾಲ್ಕು ಗಂಟೆಗಳ ಒಳಗೆ ಮಗು ಒಂದರ ಹಿಂದೊಂದು ವಾಂತಿ ಮಾಡಿಕೊಂಡು, ಬಣ್ಣ ಕಳೆದುಕೊಂಡು, ಹತ್ತಿಯ ಬೊಂಬೆಯಂತೆ ಕೈಯಲ್ಲಿ ಜೋತುಬೀಳುತ್ತದೆ. ದದ್ದಿಲ್ಲ, ಉಬ್ಬಸವಿಲ್ಲ, ಹಾಗಾಗಿ ಅಲರ್ಜಿ ಎಂದು ಯಾರಿಗೂ ಹೊಳೆಯುವುದಿಲ್ಲ. ರಕ್ತಕ್ಕೆ ನಂಜೇರಿದೆ ಎಂದು ಆಂಟಿಬಯಾಟಿಕ್ ಹಾಕಿ, ಸಲೈನ್ ಏರಿಸಿ, ಮಗು ಚೇತರಿಸಿಕೊಂಡು ಮನೆಗೆ ಬರುತ್ತದೆ. ಮತ್ತೆ ಅದೇ ಬಾಟಲಿ, ಮತ್ತೆ ಅದೇ ಆಸ್ಪತ್ರೆ. ಎರಡು ಬಾರಿ ಹೀಗಾಗಿದ್ದರೆ ಎರಡೂ ಸಲ ವಾಂತಿಗೆ ಮುಂಚೆ ಮಗುವಿನ ಹೊಟ್ಟೆಗೆ ಹೋದದ್ದೇನು ಎಂದು ಬರೆದುಕೊಂಡು ಹೋಗಿ ವೈದ್ಯರ ಮುಂದಿಡಿ. ಸುಳಿವು ಸಿಗುವುದು ಹೆಚ್ಚಾಗಿ ಅಲ್ಲೇ.

ಅಲರ್ಜಿಯಲ್ಲದ್ದು

ಆರೋಗ್ಯವಂತ ಕೂಸಿನ ಅಳು ಸುಮಾರು ಆರನೇ ವಾರದಲ್ಲಿ ತಾರಕಕ್ಕೇರಿ, ಮೂರು ನಾಲ್ಕು ತಿಂಗಳ ಹೊತ್ತಿಗೆ ತಾನಾಗಿ ತಗ್ಗುತ್ತದೆ. ಮೂರು ನಾಲ್ಕು ತಿಂಗಳ ಶಿಶುಗಳಲ್ಲಿ ಸುಮಾರು ಅರ್ಧದಷ್ಟು ದಿನವೂ ಹಾಲು ಕಕ್ಕುತ್ತವೆ. ತೂಕ ಏರುತ್ತಿದ್ದರೆ ಅದಕ್ಕೆ ಔಷಧಿ ಬೇಡ, ಹೆಗಲ ಮೇಲೊಂದು ಬಟ್ಟೆ ಸಾಕು. ಎದೆಹಾಲಿನ ಕೂಸು ದಿನಕ್ಕೆ ಏಳೆಂಟು ಸಲ ಮಲ ಮಾಡಬಹುದು, ನಾಲ್ಕೈದು ದಿನಕ್ಕೊಮ್ಮೆಯೂ ಮಾಡಬಹುದು. ಮಲ ಹಸಿರಾಗಿದ್ದ ಮಾತ್ರಕ್ಕೆ ರೋಗವಲ್ಲ. ಇವುಗಳಲ್ಲಿ ಒಂದೇ ಒಂದು ಲಕ್ಷಣ ಹಿಡಿದುಕೊಂಡು ಹಾಲಿನ ಅಲರ್ಜಿ ಎಂದು ಹೇಳುವುದು ನನ್ನ ಮಟ್ಟಿಗೆ ಆತುರ. ಹೊಟ್ಟೆಯದೊಂದು, ಚರ್ಮದ್ದೊಂದು ಜೊತೆಯಾಗಿ ಬಂದರೆ, ತೂಕ ಕುಗ್ಗಿದರೆ, ಅಪ್ಪ ಅಮ್ಮಂದಿರಿಗೆ ಅಸ್ತಮಾ ಅಥವಾ ಇಸುಬು ಇದ್ದರೆ ಅನುಮಾನಕ್ಕೆ ಬಲ ಬರುತ್ತದೆ. ವೈದ್ಯರಲ್ಲಿ ಕೆಲವರು ‘ಕೋಮಿಸ್’ ಎಂಬ ಅಂಕಪಟ್ಟಿ ಬಳಸುತ್ತಾರೆ. ಅಳು, ಕಕ್ಕುವಿಕೆ, ಮಲ, ಚರ್ಮ, ಉಸಿರಾಟ ಇವುಗಳಿಗೆ ಅಂಕ ಕೊಟ್ಟು ಒಟ್ಟು 33ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹಾಲಿನ ಕಡೆ ನೋಡಿ ಎನ್ನುತ್ತದೆ ಅದು. ನೋಡಿ ಎನ್ನುತ್ತದೆ ಅಷ್ಟೇ. ಅಲರ್ಜಿ ಇದೆ ಎಂದು ಹೇಳುವುದಿಲ್ಲ.

ಮಲದಲ್ಲಿ ರಕ್ತ ಕಂಡಾಗಲೂ ಹಾಲಿಗಿಂತ ಮೊದಲು ತಳ್ಳಿಹಾಕಬೇಕಾದ ಕಾರಣಗಳಿವೆ. ಗಟ್ಟಿ ಮಲದ ಹೊರಮೈಗೆ ಮಾತ್ರ ಕೆಂಪು ಗೆರೆ ಅಂಟಿದ್ದರೆ ಗುದದ ಬಿರುಕು. ಜ್ವರವೂ ಇದ್ದರೆ ಆಮಶಂಕೆ. ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಬಿದ್ದಿಲ್ಲದಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಮಗು ಆಗಾಗ ಕಾಲು ಮಡಚಿಕೊಂಡು ಕಿರುಚಿ, ನಡುವೆ ಸುಸ್ತಾಗಿ ಮಲಗಿ, ವಾಂತಿ ಮಾಡಿ, ಕೆಂಪು ಜೆಲ್ಲಿಯಂಥ ಮಲ ಮಾಡಿದರೆ ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಂಡಿರಬಹುದು. ಅದು ಅಂದೇ, ಆ ಗಂಟೆಯೇ ಆಸ್ಪತ್ರೆಗೆ ಹೋಗಬೇಕಾದ ಸಂಗತಿ.

ಇನ್ನೊಂದು ಗೋಜಲು ಲ್ಯಾಕ್ಟೋಸ್‌ನದು. ಲ್ಯಾಕ್ಟೋಸ್ ಹಾಲಿನ ಸಕ್ಕರೆ, ಅಲರ್ಜಿ ತರುವುದು ಹಾಲಿನ ಪ್ರೋಟೀನು. ಜೋರು ಭೇದಿಯಾದ ಮೇಲೆ ಕರುಳಿನ ಒಳಪದರ ಸವೆದು ಕೆಲವು ದಿನ ಸಕ್ಕರೆ ಅರಗದೆ, ನೊರೆನೊರೆಯಾದ ಹುಳಿ ವಾಸನೆಯ ಮಲ ಬರುವುದುಂಟು, ಅದು ತಾತ್ಕಾಲಿಕ. ಹುಟ್ಟಿನಿಂದಲೇ ಲ್ಯಾಕ್ಟೋಸ್ ಅರಗದ ಮಗು ಅತಿ ಅಪರೂಪ. ಎದೆಹಾಲಿನಲ್ಲಿಯೇ ಸುಮಾರು ಶೇ. 7 ಲ್ಯಾಕ್ಟೋಸ್ ಇದೆ, ಹಸುವಿನ ಹಾಲಿಗಿಂತ ಹೆಚ್ಚು. ಅಂಗಡಿಯಲ್ಲಿ ‘ಲ್ಯಾಕ್ಟೋಸ್ ಫ್ರೀ’ ಡಬ್ಬಿ ಕೇಳಿ ತರುವವರು ಇದನ್ನು ಗಮನಿಸಬೇಕು. ಅದರಲ್ಲಿ ಸಕ್ಕರೆ ಮಾತ್ರ ಇಲ್ಲ, ಹಸುವಿನ ಪ್ರೋಟೀನು ಇದ್ದಂತೆಯೇ ಇರುತ್ತದೆ. ಅಲರ್ಜಿಯಿರುವ ಮಗುವಿಗೆ ಅದರಿಂದ ಪ್ರಯೋಜನವಿಲ್ಲ.

ರಕ್ತಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಹಾಲಿನ ಐಜಿಇ ರಕ್ತಪರೀಕ್ಷೆ, ಚರ್ಮಕ್ಕೆ ಚುಚ್ಚಿ ನೋಡುವ ಸ್ಕಿನ್ ಪ್ರಿಕ್ ಪರೀಕ್ಷೆ ಇವೆರಡೂ ತಕ್ಷಣದ ಬಗೆಯ ಅಲರ್ಜಿಗೆ ನೆರವಾಗುತ್ತವೆ. ಪಾಸಿಟಿವ್ ಬಂದರೆ ದೇಹ ಹಾಲನ್ನು ಗುರುತಿಟ್ಟುಕೊಂಡಿದೆ ಎಂದರ್ಥ. ಕುಡಿದರೆ ತೊಂದರೆಯಾಗಿಯೇ ತೀರುತ್ತದೆ ಎಂದಲ್ಲ. ತಡವಾಗಿ ಬರುವ ಬಗೆಯಲ್ಲಿ ಐಜಿಇ ಇರುವುದೇ ಇಲ್ಲವಾದ್ದರಿಂದ ವರದಿ ನೆಗೆಟಿವ್ ಬಂದರೂ ಅಲರ್ಜಿ ಇರಬಹುದು. ನೂರಾರು ಆಹಾರಗಳ ಹೆಸರಿರುವ ಐಜಿಜಿ ಪ್ಯಾನೆಲ್, ಕೂದಲು ಕಳಿಸಿ ಮಾಡಿಸುವ ಪರೀಕ್ಷೆ ಇವುಗಳಿಗೆ ಕೊಡುವ ಹಣ ವ್ಯರ್ಥ. ತಡದ ಬಗೆಯಲ್ಲಿ ಆಯ್ದ ಮಕ್ಕಳಿಗೆ ಮಕ್ಕಳ ಜೀರ್ಣಾಂಗ ತಜ್ಞರು ಸಣ್ಣ ಕೊಳವೆಯ ಕ್ಯಾಮೆರಾದಿಂದ ಗುದನಾಳವನ್ನು ನೋಡಿ, ಅಲ್ಲಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುವುದುಂಟು. ಉಳಿದವರಿಗೆ ಪರೀಕ್ಷೆ ನಡೆಯುವುದು ಮನೆಯ ಅಡುಗೆಮನೆಯಲ್ಲೇ.

ನಿಲ್ಲಿಸಿ ನೋಡುವುದು

ಮಗು ಎದೆಹಾಲು ಕುಡಿಯುತ್ತಿದ್ದರೆ ಎದೆಹಾಲು ನಿಲ್ಲಿಸಬಾರದು, ತಾಯಿ ಕುಡಿಯುವ ಹಾಲು ನಿಲ್ಲಬೇಕು. ಎರಡರಿಂದ ನಾಲ್ಕು ವಾರ. ಮಲದ ರಕ್ತ ಕೆಲವೇ ದಿನಗಳಲ್ಲಿ ಕಡಿಮೆಯಾಗಬಹುದು, ಇಸುಬಿಗೆ ಪೂರ್ತಿ ನಾಲ್ಕು ವಾರ ಕೊಡಬೇಕು. ಹೇಳುವುದಕ್ಕೆ ಸುಲಭ. ಬಾಣಂತನದ ಊಟವೆಂದರೇ ತುಪ್ಪ ಸುರಿದ ಅನ್ನ, ರಾತ್ರಿ ಲೋಟದ ತುಂಬ ಹಾಲು ಎಂದಿರುವ ಮನೆಯಲ್ಲಿ ಇದನ್ನು ಜಾರಿಗೆ ತರುವುದು ಸಣ್ಣ ಮಾತಲ್ಲ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಪನೀರ್, ಖೋವಾ, ಕಾಫಿ ಟೀಗೆ ಬಿಡುವ ಹಾಲು ಎಲ್ಲವೂ ನಿಲ್ಲಬೇಕು. ‘ಒಂದು ಚಮಚ ತುಪ್ಪದಿಂದ ಏನಾಗುತ್ತೆ ಮಗಳೇ’ ಎನ್ನುವ ಅಜ್ಜಿಯ ಮಾತಿನಲ್ಲಿ ಅರ್ಧ ನಿಜವಿದೆ: ತುಪ್ಪದಲ್ಲಿ ಪ್ರೋಟೀನು ತೀರಾ ಕಡಿಮೆ. ಆದರೆ ಇಲ್ಲವೇ ಇಲ್ಲ ಎನ್ನಲಾಗದು. ಪರೀಕ್ಷೆಯ ವಾರಗಳಲ್ಲಿ ಅದನ್ನೂ ಬಿಟ್ಟರೆ ಉತ್ತರ ಕಲಬೆರಕೆಯಾಗುವುದಿಲ್ಲ. ಬ್ರೆಡ್, ಬಿಸ್ಕತ್ತು, ರಸ್ಕ್, ಚಾಕೊಲೇಟ್, ಪ್ರೋಟೀನ್ ಪುಡಿಗಳಲ್ಲಿ ಹಾಲು ಅವಿತಿರುತ್ತದೆ. 2020ರ ಲೇಬಲ್ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಅಲರ್ಜಿಕಾರಕಗಳನ್ನು ನಮೂದಿಸಬೇಕು, ಅದರಲ್ಲಿ ಹಾಲೂ ಸೇರಿದೆ. ಕೇಸಿನೇಟ್, ವೇ ಪೌಡರ್, ಮಿಲ್ಕ್ ಸಾಲಿಡ್ಸ್ ಎಂದಿದ್ದರೂ ಅದು ಹಾಲೇ.

ಇದರ ಜೊತೆಗೆ ಮೊಟ್ಟೆ, ಬೇಳೆ, ಬದನೆ, ಕಡಲೆ ಎಂದು ಬಾಣಂತಿಯ ತಟ್ಟೆಯಿಂದ ಒಂದೊಂದೇ ಎತ್ತಿಬಿಡಬೇಡಿ. ಬಿಡಬೇಕಾದದ್ದು ಹಾಲು ಮಾತ್ರ. ಹಾಲೂಡಿಸುವ ತಾಯಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆನ್ನುತ್ತದೆ ನಮ್ಮ ಐಸಿಎಂಆರ್. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಂದರೆ ಒಂದು ದೊಡ್ಡ ಮುದ್ದೆಯಲ್ಲಿ ಹೆಚ್ಚುಕಡಿಮೆ ಅಷ್ಟು. ಎಳ್ಳಿನ ಚಟ್ನಿಪುಡಿ, ನುಗ್ಗೆಸೊಪ್ಪು, ತಿನ್ನುವವರಿಗೆ ಮುಳ್ಳುಸಹಿತ ಸಣ್ಣ ಮೀನು ಸೇರಲಿ. ಆದರೂ ರಾಗಿಯ ಕ್ಯಾಲ್ಸಿಯಂ ಪೂರ್ತಿ ಮೈಗೆ ಹಿಡಿಯುವುದಿಲ್ಲವಾದ್ದರಿಂದ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳುವುದೇ ಒಳಿತು.

ಡಬ್ಬಿ ಹಾಲಿನ ಕೂಸಿಗೆ ಬೇಕಾದದ್ದು ಪ್ರೋಟೀನನ್ನು ಅತಿ ಸಣ್ಣ ತುಣುಕುಗಳಾಗಿ ಒಡೆದ, ‘ಎಕ್ಸ್‌ಟೆನ್ಸಿವ್ಲಿ ಹೈಡ್ರೊಲೈಸ್ಡ್’ ಎಂದು ಬರೆದಿರುವ ವಿಶೇಷ ಡಬ್ಬಿ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಅದು ಒಗ್ಗುತ್ತದೆ. ಒಗ್ಗದವರಿಗೆ, ಅನಾಫಿಲ್ಯಾಕ್ಸಿಸ್ ಆದವರಿಗೆ, ತೀರಾ ಸೊರಗಿದವರಿಗೆ ಅಮೈನೊ ಆಮ್ಲದ ಡಬ್ಬಿ. ‘ಪಾರ್ಷಿಯಲಿ ಹೈಡ್ರೊಲೈಸ್ಡ್’ ಎಂದಿರುವುದು ಸಾಲದು. ಬೆಲೆ ಹೆಚ್ಚು, ಮತ್ತು 400 ಗ್ರಾಂ ಡಬ್ಬಿ ನಾಲ್ಕೈದು ದಿನಕ್ಕೆ ಖಾಲಿ. ಆರು ತಿಂಗಳು ದಾಟಿದ ಮಗುವಿಗೆ ಸೋಯಾ ಡಬ್ಬಿ ಕೈಗೆಟಕುವ ದಾರಿ, ಆದರೆ ಹತ್ತರಲ್ಲಿ ಒಂದಿಬ್ಬರಿಗೆ ಸೋಯಾ ಕೂಡ ಒಗ್ಗುವುದಿಲ್ಲ. ಇವೆಲ್ಲ ವೈದ್ಯರ ಚೀಟಿಯ ಮೇಲೆ ಬರಬೇಕಾದವು. ಶಿಶುಗಳ ಡಬ್ಬಿ ಹಾಲಿನ ಜಾಹೀರಾತನ್ನೇ 1992ರ ಕಾಯ್ದೆ ನಿಷೇಧಿಸಿದೆ, ಅಂಗಡಿಯವರ ಶಿಫಾರಸಿಗೆ ಇಲ್ಲಿ ಜಾಗವಿಲ್ಲ.

ಹಸು ಬೇಡವಾದರೆ ಮೇಕೆ ಹಾಲು ಕೊಡೋಣ ಎಂಬ ಸಲಹೆ ಪ್ರತಿ ಊರಲ್ಲೂ ಸಿಗುತ್ತದೆ. ಮೇಕೆ, ಕುರಿ, ಎಮ್ಮೆ ಹಾಲಿನ ಪ್ರೋಟೀನುಗಳು ಹಸುವಿನದಕ್ಕೆ ಎಷ್ಟು ಹತ್ತಿರವೆಂದರೆ ಹತ್ತರಲ್ಲಿ ಒಂಬತ್ತು ಅಲರ್ಜಿಯ ಮಕ್ಕಳಿಗೆ ಮೇಕೆ ಹಾಲೂ ಒಗ್ಗುವುದಿಲ್ಲ. ನಾಟಿ ಹಸುವಿನ ಎ2 ಹಾಲೆಂದರೂ ಅಷ್ಟೇ, ಚೆನ್ನಾಗಿ ಕುದಿಸಿದರೂ ಅಷ್ಟೇ. ಕೇಸಿನ್ ಕುದಿಗೆ ಜಗ್ಗುವುದಿಲ್ಲ. ನಮ್ಮ ಬೀದಿಗಳಲ್ಲಿ ಕತ್ತೆ ಹೊಡೆದುಕೊಂಡು ಬಂದು ಒಂದು ಒಳಲೆ ಹಾಲಿಗೆ ಕಾಸು ಕೇಳುವವರಿದ್ದಾರೆ. ಕತ್ತೆ ಹಾಲಿನ ಪ್ರೋಟೀನು ಹಸುವಿನದಕ್ಕಿಂತ ಬೇರೆ ಎಂಬುದು ನಿಜ. ಆದರೆ ಹಸಿಯಾಗಿ ಕುಡಿಸುವ ಹಾಲಿನಲ್ಲಿ ಸೋಂಕಿನ ಭಯವಿದೆ, ಕೊಬ್ಬು ಬಹಳ ಕಡಿಮೆ, ಅದರಿಂದ ಮಗು ಬೆಳೆಯಲಾರದು. ಬಾದಾಮಿ ಹಾಲು, ತೆಂಗಿನ ಹಾಲು, ರಾಗಿ ನೀರು ಒಂದು ವರ್ಷದೊಳಗೆ ಎದೆಹಾಲಿನ ಜಾಗ ತುಂಬಲಾರವು.

ಮತ್ತೆ ಕೊಟ್ಟು ನೋಡುವುದು

ಹಾಲು ನಿಲ್ಲಿಸಿದ ಮೇಲೆ ಮಗು ಸರಿಹೋಯಿತು. ಹಾಗಾದರೆ ಹಾಲಿನದೇ ತಪ್ಪು? ಅಷ್ಟು ಬೇಗ ಹೇಳಲಾಗದು. ಎರಡು ತಿಂಗಳಲ್ಲಿ ಅಳುತ್ತಿದ್ದ ಕೂಸು ಮೂರು ತಿಂಗಳಿಗೆ ಸುಮ್ಮನಾಗುವುದು ಸಹಜ, ಹಾಲು ಬಿಟ್ಟರೂ ಬಿಡದಿದ್ದರೂ. ಮಲದ ಸಣ್ಣ ರಕ್ತದೆಳೆಗಳೂ ಎಷ್ಟೋ ಮಕ್ಕಳಲ್ಲಿ ತಾವಾಗಿ ಮಾಯವಾಗುತ್ತವೆ. ಅದಕ್ಕೇ ಆ ಎರಡರಿಂದ ನಾಲ್ಕು ವಾರ ಮುಗಿದೊಡನೆ ಹಾಲನ್ನು ಮತ್ತೆ ತರಬೇಕು. ಮನೆಯವರು ಹಿಂಜರಿಯುವುದು ಇಲ್ಲಿಯೇ: ಸುಮ್ಮನಿರುವುದನ್ನು ಯಾಕೆ ಕೆಣಕಬೇಕು?

ಕೆಣಕದಿದ್ದರೆ ಆಗುವ ನಷ್ಟ ದೊಡ್ಡದು. ಅಲರ್ಜಿಯೇ ಇಲ್ಲದ ಮಗು ವರ್ಷಗಟ್ಟಲೆ ಹಾಲಿಲ್ಲದೆ ಬೆಳೆಯುತ್ತದೆ, ತಾಯಿಯ ಮೂಳೆ ಸವೆಯುತ್ತದೆ, ಜೇಬಂತೂ ಸವೆದೇ ಸವೆಯುತ್ತದೆ. ಇನ್ನೂ ಒಂದು ತೊಡಕಿದೆ. ಇಸುಬಿರುವ, ಹಾಲನ್ನು ಹೇಗೋ ಸಹಿಸಿಕೊಂಡಿದ್ದ ಮಗುವಿಗೆ ಬಹುಕಾಲ ಹಾಲು ತಪ್ಪಿಸಿದರೆ, ಆಮೇಲೆ ಕುಡಿದಾಗ ತಕ್ಷಣದ ಬಗೆಯ ಅಲರ್ಜಿಯಾಗಿ ಅದು ತಿರುಗಿಬಿದ್ದ ಉದಾಹರಣೆಗಳಿವೆ.

ಎದೆಹಾಲಿನ ಕೂಸಾದರೆ ತಾಯಿ ಎಂದಿನಂತೆ ಹಾಲು, ಮೊಸರು ಒಂದು ವಾರ ತೆಗೆದುಕೊಳ್ಳಲಿ. ಡಬ್ಬಿಯ ಕೂಸಾದರೆ ವಿಶೇಷ ಹಾಲಿನಲ್ಲಿ ಸ್ವಲ್ಪ ಸ್ವಲ್ಪ ಮಾಮೂಲಿ ಡಬ್ಬಿಯ ಹಾಲನ್ನು ದಿನದಿನಕ್ಕೆ ಹೆಚ್ಚಿಸುತ್ತ ಹೋಗಬೇಕು. ಎರಡು ವಾರದವರೆಗೂ ಕಣ್ಣಿಟ್ಟಿರಬೇಕು, ಏಕೆಂದರೆ ಇದು ತಡವಾಗಿ ಬರುವ ಬಗೆ. ಜ್ವರ, ನೆಗಡಿ, ಭೇದಿ ಇರುವ ವಾರದಲ್ಲಿ, ಲಸಿಕೆ ಹಾಕಿಸಿದ ಮರುದಿನ, ಹೊಸ ಆಹಾರ ಶುರುಮಾಡಿದ ದಿನ ಈ ಪರೀಕ್ಷೆ ಬೇಡ. ಲಕ್ಷಣಗಳು ಮರಳಿ ಬಂದರೆ ರೋಗ ಖಚಿತವಾಯಿತು, ಹಾಲನ್ನು ಮತ್ತೆ ನಿಲ್ಲಿಸಿ. ಏನೂ ಆಗದಿದ್ದರೆ ಅದು ಅಲರ್ಜಿಯಲ್ಲ, ಎಲ್ಲರೂ ನಿಶ್ಚಿಂತೆಯಿಂದ ಹಾಲು ಕುಡಿಯಿರಿ.

ಒಂದು ಎಚ್ಚರಿಕೆ ಮಾತ್ರ ಕಡ್ಡಾಯ. ಗಂಧೆ, ಊತ, ಉಬ್ಬಸ ಬಂದಿದ್ದ ಮಗುವಿಗೆ, ಎಫ್‌ಪಿಐಇಎಸ್‌ನಂತೆ ವಾಂತಿ ಮಾಡಿ ಜೋತುಬಿದ್ದಿದ್ದ ಮಗುವಿಗೆ ಮನೆಯಲ್ಲಿ ಹಾಲು ಕೊಟ್ಟು ನೋಡಬಾರದು. ಅವರಿಗೆ ಈ ಪರೀಕ್ಷೆ ನಡೆಯಬೇಕಾದದ್ದು ಆಸ್ಪತ್ರೆಯಲ್ಲಿ, ಔಷಧಿ ಕೈಗೆಟಕುವಲ್ಲಿ, ಹನಿಗಳಿಂದ ಶುರುಮಾಡಿ ಹೊತ್ತು ಬಿಟ್ಟು ಬಿಟ್ಟು ಪ್ರಮಾಣ ಏರಿಸುತ್ತ.

ಖಚಿತವಾದ ಮೇಲೆ

ಕನಿಷ್ಠ ಆರು ತಿಂಗಳು, ಅಥವಾ ಮಗುವಿಗೆ ಒಂಬತ್ತರಿಂದ ಹನ್ನೆರಡು ತಿಂಗಳಾಗುವವರೆಗೆ ಹಾಲು ದೂರವಿರಲಿ. ಆರು ತಿಂಗಳಿಗೆ ಮೇಲಾಹಾರ ಶುರುಮಾಡುವುದನ್ನು ಅಲರ್ಜಿಯ ಹೆಸರಲ್ಲಿ ಮುಂದೂಡಬೇಡಿ. ರಾಗಿ ಸರಿ, ಅನ್ನ ಬೇಳೆ, ಮೊಟ್ಟೆ, ಕಡಲೆಕಾಯಿ ಬೆಣ್ಣೆ ಎಲ್ಲವೂ ಬರಲಿ. ಅಂಗಡಿಯ ಶಿಶು ಆಹಾರಗಳಲ್ಲಿ ಹಾಲಿನ ಪುಡಿ ಬೆರೆತಿರುವವೇ ಬಹಳ, ಹಿಂಬದಿ ಓದಿ ಕೊಳ್ಳಿ.

ಈ ಅಲರ್ಜಿಯ ಒಳ್ಳೆಯ ಗುಣವೆಂದರೆ ಹೆಚ್ಚಿನವರಲ್ಲಿ ತಾನಾಗಿ ಬಿಟ್ಟುಹೋಗುತ್ತದೆ. ಡೆನ್ಮಾರ್ಕಿನಲ್ಲಿ ಹುಟ್ಟಿನಿಂದ ಹಿಂಬಾಲಿಸಿ ನೋಡಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಒಂದು ವರ್ಷಕ್ಕೆ, ಮುಕ್ಕಾಲು ಪಾಲು ಎರಡಕ್ಕೆ, ಶೇ. 87ರಷ್ಟು ಮೂರು ವರ್ಷಕ್ಕೆ ಹಾಲನ್ನು ಸಹಿಸಿಕೊಂಡರು. ತಡದ ಬಗೆ ಬೇಗ ಹೋಗುತ್ತದೆ, ತಕ್ಷಣದ್ದು ನಿಧಾನ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ವೈದ್ಯರ ಸಲಹೆಯಂತೆ ಮತ್ತೆ ಪ್ರಯತ್ನಿಸಬೇಕು. ಹಿಟ್ಟಿನೊಂದಿಗೆ ಬೆರೆತು 180 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಬೆಂದ ಹಾಲನ್ನು ಬಹಳಷ್ಟು ಮಕ್ಕಳು ಹಸಿ ಹಾಲಿಗಿಂತ ಮೊದಲೇ ತಾಳಿಕೊಳ್ಳುತ್ತಾರೆ, ಆದ್ದರಿಂದ ಕೆಲವರಿಗೆ ಬಿಸ್ಕತ್ತು, ಕೇಕುಗಳಿಂದ ಮೆಟ್ಟಿಲು ಹತ್ತಿಸಲಾಗುತ್ತದೆ.

ಅಷ್ಟರಲ್ಲಿ ಮಗು ಅಂಗನವಾಡಿಗೆ ಹೋಗತೊಡಗಿದ್ದರೆ ಅಲ್ಲಿ ಕ್ಷೀರಭಾಗ್ಯದ ಹಾಲು ಇರುತ್ತದೆ. ಕಾರ್ಯಕರ್ತೆಗೂ ಸಹಾಯಕಿಗೂ ಇಬ್ಬರಿಗೂ ಮೊದಲ ದಿನವೇ ಹೇಳಿ, ಬಾಯಿಮಾತಿನಲ್ಲಿ ಬಿಡದೆ ಒಂದು ಚೀಟಿ ಬರೆದು ಕೊಡಿ. ದೇವಸ್ಥಾನದ ಪಂಚಾಮೃತ, ಮದುವೆಮನೆಯ ಪಾಯಸ, ನೆಂಟರು ಪ್ರೀತಿಯಿಂದ ಬಾಯಿಗಿಡುವ ಪೇಡಾ ಇವುಗಳ ಬಗ್ಗೆ ಮನೆಯ ಹಿರಿಯರಿಗೂ ಅಷ್ಟೇ ಸ್ಪಷ್ಟವಾಗಿ ತಿಳಿಸಿರಬೇಕು. ತಕ್ಷಣದ ಬಗೆಯ ಅಲರ್ಜಿಯಾಗಿದ್ದರೆ ಆ ಚೀಟಿಯಲ್ಲಿ ವೈದ್ಯರ ಫೋನ್ ನಂಬರೂ ಇರಲಿ, ಉಸಿರಾಟಕ್ಕೆ ತೊಂದರೆಯಾದರೆ ಮೊದಲು 108, ಆಮೇಲೆ ಅಪ್ಪ ಅಮ್ಮನಿಗೆ ಫೋನು ಎಂಬ ಸಾಲೂ ಇರಲಿ.